ಅದಿರು ಹೋಯಿತು, ನೀರು ಬಂತು

ಕುದುರೆಮುಖದ ಅದಿರು ಒಯ್ಯಲು ಪಣಂಬೂರಿಗೆ ಬರುತ್ತಿದ್ದ ಹಡಗುಗಳನ್ನು ಖಾಲಿ ಹಡಗುಗಳೆಂದು ಕರೆದೆವು. ಅವುಗಳ ಹೊಟ್ಟೆಯಲ್ಲಿ ಪರದೇಶದ ಸಮುದ್ರವೇ ಇರುತ್ತಿತ್ತು. ಇಂಥ ನೀರಿನ ಜೊತೆ ಜಗತ್ತಿನ ತೀರಗಳಿಗೆಲ್ಲ ಸಿಗಡಿ, ಏಡಿ ಬಳಗದ ಕಣ್ಣಿಗೆ ಕಾಣದ ಮರಿಗಳು ದಾಟುತ್ತಲೇ ಇವೆ. ನಮ್ಮ ಕರಾವಳಿಯಲ್ಲಿ ಅವುಗಳ ಲೆಕ್ಕ ಇಟ್ಟವರು ಯಾರು?

ಭದ್ರೆ ತುಂಬಿತೆಂಬ ಸುದ್ದಿ ಬಂದರೆ ಸಾಕು, ಭದ್ರಾವತಿ, ತರೀಕೆರೆ, ಶಿವಮೊಗ್ಗದ ಬೈಕುಗಳೆಲ್ಲ ಭದ್ರಾ ಅಣೆಕಟ್ಟೆಯ ಬಿ.ಆರ್. ಪ್ರಾಜೆಕ್ಟಿನ ಕಡೆಗೆ ತಿರುಗುತ್ತವೆ. ಶಂಕರಘಟ್ಟದ ರಸ್ತೆಯಲ್ಲಿ ಕೊಡೆ ಹಿಡಿದ ಸಂಸಾರಗಳು, ರೇನ್‌ಕೋಟು ತೊಟ್ಟ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಸುಟ್ಟ ಜೋಳದ ಗಾಡಿಗಳು. ಗೇಟು ಎತ್ತಿದ ಕ್ಷಣ ಜನರ ಕೂಗೂ ನೀರಿನ ಮೊರೆತವೂ ಒಂದಾಗುತ್ತವೆ. ಕೆಂಪು ಬೆರೆತ ನೀರು ನೊರೆಯಾಗಿ ಧುಮುಕಿ ಭದ್ರಾವತಿ ದಾಟುತ್ತದೆ, ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ, ಕೃಷ್ಣೆಯ ಜೊತೆಗೂಡಿ ಕೊನೆಗೆ ಬಂಗಾಳ ಕೊಲ್ಲಿ ಮುಟ್ಟುತ್ತದೆ.

ಅರಬ್ಬೀ ಸಮುದ್ರ ಇಲ್ಲಿಂದ ಘಟ್ಟದ ಆಚೆ. ನೋಡಬೇಕೆಂದರೆ ಆಗುಂಬೆಯನ್ನೋ ಹುಲಿಕಲ್ಲನ್ನೋ ಇಳಿಯಬೇಕು. ಆದರೂ ಕರಾವಳಿಗೆ ಪರದೇಶದ ಜೀವಿಗಳು ಬಂದು ಸೇರುವ ಕತೆಯನ್ನು ಶಂಕರಘಟ್ಟದಲ್ಲಿ ನಿಂತೇ ಹೇಳಬೇಕೆಂದು ನನಗೆ ಅನಿಸುತ್ತದೆ. ಭದ್ರೆ ಹುಟ್ಟುವ ಬೆಟ್ಟದಿಂದಲೇ ಪಶ್ಚಿಮಕ್ಕೆ ಇನ್ನೊಂದು ಹರಿವು ಕಾಲು ಶತಮಾನ ಕಾಲ ಇಳಿಯುತ್ತಿತ್ತು. ಅದರಲ್ಲಿ ಹರಿದದ್ದು ಕಬ್ಬಿಣದ ಅದಿರು.

ಬೆಟ್ಟದಿಂದ ಬಂದರಿಗೆ

ತುಂಗೆ, ಭದ್ರೆ, ನೇತ್ರಾವತಿ ಮೂವರ ತವರೂ ಕುದುರೆಮುಖದ ಗಂಗಾಮೂಲದ ಆಸುಪಾಸು. 1976ರಲ್ಲಿ ಅಲ್ಲಿ ಸರ್ಕಾರಿ ಗಣಿ ಕಂಪನಿ ಹುಟ್ಟಿತು. ಇರಾನಿಗೆ ಅದಿರು ಮಾರುವುದು ಮೊದಲ ಲೆಕ್ಕಾಚಾರವಾಗಿತ್ತು. 1979ರ ಕ್ರಾಂತಿ ಅದನ್ನು ಕೆಡಿಸಿತು, ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. ಬೆಟ್ಟವನ್ನು ಅಗೆದು, ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸಲಾಗುತ್ತಿತ್ತು. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತ್ತು. ಕುದುರೆಮುಖದ ಅದಿರು ಅದರ ದೊಡ್ಡ ಸರಕಾಯಿತು.

ಗಣಿಯ ಹೂಳು ಭದ್ರೆಗೆ ಇಳಿದದ್ದು ಮಲೆನಾಡಿಗೆ ಗೊತ್ತು. ಆ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಹೂಳಿನ ಬಗ್ಗೆ, ಕಾಡಿನ ಬಗ್ಗೆ, ಗಣಿಯ ಕೆಸರು ಹಿಡಿದಿಟ್ಟ ಲಕ್ಯಾ ಅಣೆಕಟ್ಟೆಯ ಬಗ್ಗೆ ಬಹಳ ಮಾತಾಡಿದ್ದೇವೆ. ಕೊಳವೆಯ ಇನ್ನೊಂದು ತುದಿಯಲ್ಲಿ, ಬಂದರಿನ ನೀರಿನಲ್ಲಿ ಏನು ನಡೆಯಿತೆಂದು ಮಾತಾಡಿದ್ದು ತೀರ ಕಡಿಮೆ.

ದೊಡ್ಡ ಹಡಗು ಸರಕಿಲ್ಲದೆ ಸಮುದ್ರದಲ್ಲಿ ನಡೆಯಲಾರದು. ಹಗುರಾದರೆ ಮೇಲೆದ್ದು ಓಲಾಡುತ್ತದೆ, ಹಿಂದಿನ ಪಂಖ ನೀರಿನಿಂದ ಹೊರಬರುತ್ತದೆ. ಹಾಗಾಗಿ ಸರಕು ಇಳಿಸಿದ ಬಂದರಿನಲ್ಲೇ ಅಲ್ಲಿನ ಸಮುದ್ರದ ನೀರನ್ನು ತಳದ ಮತ್ತು ಪಕ್ಕದ ತೊಟ್ಟಿಗಳಿಗೆ ಪಂಪ್ ಮಾಡಿಕೊಳ್ಳುತ್ತದೆ. ನಾವಿಕರು ಇದನ್ನು ಬ್ಯಾಲಸ್ಟ್ ನೀರು ಎನ್ನುತ್ತಾರೆ. ಹೊಸ ಬಂದರಿನಲ್ಲಿ ಅದಿರು ತುಂಬುತ್ತ ಹೋದಂತೆ ಈ ನೀರನ್ನು ಹೊರಗೆ ಬಿಡಬೇಕು. ಒಂದು ಕಡೆ ಬೆಲ್ಟಿನ ಮೇಲಿಂದ ಅದಿರು ಸುರಿಯುತ್ತಿರುತ್ತದೆ, ಇನ್ನೊಂದು ಕಡೆ ಹಡಗಿನ ಪಕ್ಕೆಯ ತೂತುಗಳಿಂದ ನೀರು ಬಂದರಿಗೆ ಬೀಳುತ್ತಿರುತ್ತದೆ.

ಅದಿರಿನ ಹಡಗು ಹೊರುವ ಇಂಥ ನೀರು ಸಾಮಾನ್ಯವಾಗಿ ಅದರ ಸರಕಿನ ಸಾಮರ್ಥ್ಯದ ಮೂರನೇ ಒಂದರಷ್ಟು. 60,000 ಟನ್ನಿನ ಹಡಗಾದರೆ 20,000 ಟನ್ ನೀರು. ಬೇಸಗೆಯಲ್ಲಿ ನಮ್ಮ ಬೀದಿಗಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎರಡು ಸಾವಿರ ಟ್ಯಾಂಕರ್. ಅದೂ ಒಂದೇ ಹಡಗಿನಿಂದ.

ಅದಿರು ರಫ್ತಾಗುವ ಬಂದರುಗಳಿಗೆ ಇದರ ಪಾಲು ಹೆಚ್ಚು. ಸರಕು ಹೊತ್ತು ಬಂದು ಸರಕು ಹೊತ್ತೇ ಹೋಗುವ ಕಂಟೇನರ್ ಹಡಗುಗಳಲ್ಲಿ ನೀರಿನ ಕೊಡುಕೊಳ್ಳುವಿಕೆ ಅಷ್ಟಿರುವುದಿಲ್ಲ. ಮಣ್ಣು ಮಾರುವ ಊರಿಗೆ ಮಾತ್ರ ಹಡಗು ಪ್ರತಿಸಲ ನೀರು ತುಂಬಿಕೊಂಡೇ ಬರುತ್ತದೆ.

ತೊಟ್ಟಿಯಲ್ಲಿ ಏನಿತ್ತು?

ಅಮೆರಿಕದ ಪಶ್ಚಿಮ ತೀರದ ಆರೆಗಾನ್ ರಾಜ್ಯದಲ್ಲಿ ಕೂಸ್ ಬೇ ಎಂಬ ಬಂದರಿದೆ. ಜಪಾನಿನ ಕಾಗದದ ಗಿರಣಿಗಳಿಗೆ ಮರದ ಚೂರುಗಳನ್ನು ಒಯ್ಯಲು ಅಲ್ಲಿಗೆ ಹಡಗುಗಳು ನೀರು ತುಂಬಿಕೊಂಡು ಬರುತ್ತಿದ್ದವು. ಸಮುದ್ರಜೀವಿ ತಜ್ಞ ಜೇಮ್ಸ್ ಕಾರ್ಲ್ಟನ್ ಮತ್ತು ಜೊನಾಥನ್ ಗೆಲ್ಲರ್ ಅಂಥ 159 ಹಡಗುಗಳ ತೊಟ್ಟಿಗಳಿಗೆ ಬಲೆ ಇಳಿಸಿದರು. 1993ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ 367 ಬಗೆಯ ಜೀವಿಗಳಿದ್ದವು. ಹುಳುಗಳು, ಚಿಪ್ಪುಜೀವಿಗಳ ಮರಿಗಳು, ಪಾಚಿಗಳು. ಎಲ್ಲಕ್ಕಿಂತ ಹೆಚ್ಚಾಗಿ, ಬಹುತೇಕ ಎಲ್ಲ ಹಡಗುಗಳಲ್ಲೂ ಸಿಕ್ಕಿದ್ದು ಕೋಪಿಪಾಡ್‌ಗಳು.

ಕೋಪಿಪಾಡ್ ಎಂದರೆ ಸಿಗಡಿ, ಏಡಿಗಳ ದೂರದ ನೆಂಟ. ಉದ್ದ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್. ನಮ್ಮ ಬಂಗಡೆಯ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವೇ ರಾಶಿ ರಾಶಿ ಸಿಗುತ್ತವೆ. ಸಮುದ್ರದ ಪಾಚಿಯನ್ನು ಮೀನಿನ ಮಾಂಸವಾಗಿಸುವ ನಡುವಿನ ಕೊಂಡಿ ಇವು. ಈ ಕೊಂಡಿ ಬದಲಾದರೆ ಏನಾಗುತ್ತದೆಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ನೋಡಿದರೆ ತಿಳಿಯುತ್ತದೆ. ಚೀನಾದ ಯಾಂಗ್‌ಟ್ಸಿ ನದಿಯ ಲಿಮ್ನೊಯಿತೋನಾ ಎಂಬ ಪುಟ್ಟ ಕೋಪಿಪಾಡ್ 1993ರಲ್ಲಿ ಅಲ್ಲಿ ಮೊದಲ ಬಾರಿ ಕಣ್ಣಿಗೆ ಬಿತ್ತು. ಕೆಲವೇ ವರ್ಷಗಳಲ್ಲಿ ಸಪ್ಪೆ ನೀರೂ ಉಪ್ಪು ನೀರೂ ಬೆರೆಯುವ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯ ಕೋಪಿಪಾಡ್ ಅದೇ ಆಯಿತು. ಅಲ್ಲಿನ ಅಳಿವಿನಂಚಿನ ಡೆಲ್ಟಾ ಸ್ಮೆಲ್ಟ್ ಮೀನಿಗೆ ಅದು ತೀರ ಸಣ್ಣದು, ಹುಡುಕಿ ಹಿಡಿದು ತಿಂದರೂ ಹೊಟ್ಟೆ ತುಂಬದು. ನೀರಿನ ತುಂಬ ಆಹಾರವಿದ್ದೂ ಮೀನು ಸೊರಗುವ ಸ್ಥಿತಿ.

ದೊಡ್ಡ ಪ್ರಾಣಿ ಬಂದರೆ ಯಾರಾದರೂ ಗಮನಿಸುತ್ತಾರೆ. ಅಟ್ಲಾಂಟಿಕ್‌ನ ನೀಲಿ ಏಡಿ ಇಟಲಿಯ ಪೋ ನದಿಯ ಮುಖಜಭೂಮಿಯಲ್ಲಿ ಮಳಿ ಸಾಕಣೆಯನ್ನು ನುಂಗಿಹಾಕಿದಾಗ ಅದು ಜಗತ್ತಿನ ಸುದ್ದಿಯಾಯಿತು. 2023ರ ಆಗಸ್ಟಿನಲ್ಲಿ ಅಲ್ಲಿನ ಸರ್ಕಾರ ಅದನ್ನು ಹಿಡಿಸಲೆಂದೇ 29 ಲಕ್ಷ ಯೂರೋ ತೆಗೆದಿಟ್ಟಿತು. ಮಿಲಿಮೀಟರ್ ಗಾತ್ರದ ಜೀವಿಗೆ ಆ ಭಾಗ್ಯವಿಲ್ಲ. ಅದು ಬಂದಿದೆಯೆಂದು ಗೊತ್ತಾಗುವುದು ಮೀನು ಕಡಿಮೆಯಾದ ಮೇಲೆ, ಅದೂ ಗೊತ್ತಾದರೆ.

> ಕಡ್ಡಿಯಂಥ ಸಿಗಡಿ
>
> ಕ್ಯಾಪ್ರೆಲ್ಲಾ ಮ್ಯೂಟಿಕಾ. ಪೂರ್ವ ಏಷ್ಯಾದ ತಣ್ಣೀರಿನ ಜೀವಿ. 1935ರಲ್ಲಿ ವಿಜ್ಞಾನ ಇದಕ್ಕೆ ಹೆಸರಿಟ್ಟಿತು. ಮೈಯೆಲ್ಲ ಕಡ್ಡಿ, ಮುಂದೆ ಕೊಕ್ಕೆಯಂಥ ಕೈ. ದೊಡ್ಡ ಗಂಡು ಐದು ಸೆಂಟಿಮೀಟರ್ ಮುಟ್ಟಬಹುದು. ಹೆಣ್ಣು ಮರಿಗಳನ್ನು ಹೊಟ್ಟೆಯ ಚೀಲದಲ್ಲೇ ಬೆಳೆಸುತ್ತದೆ, ತೇಲಾಡುವ ಮರಿಯ ಹಂತವೇ ಇಲ್ಲ. ಸ್ವಂತ ಬಲದಿಂದ ದೂರ ಹೋಗಲಾರದು. ಆದರೂ 1970ರ ದಶಕದಲ್ಲಿ ಅಮೆರಿಕದ ಪಶ್ಚಿಮ ತೀರ, 1995ರಲ್ಲಿ ನೆದರ್ಲೆಂಡ್ಸ್, 2000ದಲ್ಲಿ ಸ್ಕಾಟ್ಲೆಂಡ್ ತಲುಪಿತು. ಹಡಗಿನ ತಳ, ಸಿಂಪಿ ಸಾಕಣೆಯ ಸಾಮಾನು, ಮೀನು ಸಾಕಣೆಯ ಬಲೆ, ತೇಲುವ ಕಡಲಕಳೆ ಇದರ ವಾಹನಗಳು. ಬಲೆಯ ಮೇಲೆ ನೆಲೆಯೂರಿದರೆ ಒಂದು ಚದರ ಮೀಟರಿನಲ್ಲಿ ಲಕ್ಷಗಟ್ಟಲೆ ಇರುತ್ತವೆ.

ನಮ್ಮ ತೀರದ ಕತೆ

ಪರದೇಶದ ಜೀವಿಗಳು ಹೀಗೆ ಬಂದು ನೆಲೆಯೂರುವುದು ಭಾರತಕ್ಕೆ ಹೊಸದಲ್ಲ. ಮಧ್ಯ ಅಮೆರಿಕದ ಕಡಲಿನ ಕಪ್ಪು ಪಟ್ಟೆಯ ಚಿಪ್ಪುಜೀವಿ ಮಿಟಿಲಾಪ್ಸಿಸ್ 1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಾಣಿಸಿತು, ನಂತರ ಮುಂಬೈಯ ನೌಕಾನೆಲೆಯ ಗೋಡೆಗಳನ್ನೂ ಮುಚ್ಚಿತು. ದಕ್ಷಿಣ ಅಮೆರಿಕದ ಇನ್ನೊಂದು ಚಿಪ್ಪು, ಮೈಟೆಲ್ಲಾ, ಈಚಿನ ವರ್ಷಗಳಲ್ಲಿ ಕೇರಳದ ಅಷ್ಟಮುಡಿ ಕಾಯಲಿನಲ್ಲಿ ಹಬ್ಬಿ ಅಲ್ಲಿನ ಚಿಪ್ಪು ಹೆಕ್ಕುವವರ ದುಡಿಮೆಗೆ ಕೈ ಹಾಕಿತು. ಇವು ಸಿಗಡಿ ಬಳಗದವಲ್ಲ, ಆದರೆ ಹಡಗೇ ಇಬ್ಬರಿಗೂ ಹಾದಿ. ಅಷ್ಟಮುಡಿಗೆ ಬಂದದ್ದು ಅಘನಾಶಿನಿಗೆ ಬಾರದಿರಲಿ ಎಂದು ನಾನು ಹಾರೈಸುವುದಕ್ಕೆ ಕಾರಣವಿದೆ. ಕುಮಟಾದ ಆ ಅಳಿವೆಯಲ್ಲಿ ಸಾವಿರಾರು ಮನೆಗಳು ಬಳಚು ಹೆಕ್ಕಿ ಬದುಕುತ್ತಿವೆ. ಮೇಲೆಲ್ಲೂ ದೊಡ್ಡ ಅಣೆಕಟ್ಟಿಲ್ಲದ ಆ ಹೊಳೆಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆಯೂ ಸಿಕ್ಕಿದೆ.

ಅದೇ ಉತ್ತರ ಕನ್ನಡದ ಬೇಲೆಕೇರಿಯನ್ನು ಯಾರು ಮರೆತಾರು? ಚೀನಾದ ಬೇಡಿಕೆ ಏರಿದ ವರ್ಷಗಳಲ್ಲಿ ಬಳ್ಳಾರಿಯ ಅದಿರು ಲಾರಿಗಳಲ್ಲಿ ಘಟ್ಟ ಇಳಿದು ಬೇಲೆಕೇರಿ, ಕಾರವಾರ, ಮಂಗಳೂರಿನಿಂದ ಹಡಗು ಹತ್ತಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಲೋಕಾಯುಕ್ತ ವರದಿ ಎಷ್ಟು ಟನ್ ಹೋಯಿತು, ಯಾರ ಪರ್ಮಿಟ್ಟಿನಲ್ಲಿ ಹೋಯಿತು, ಎಷ್ಟು ರಾಜಧನ ತಪ್ಪಿತು ಎಂದು ಪುಟಗಟ್ಟಲೆ ಬರೆಯಿತು. ಬರೆಯಬೇಕಾದದ್ದೇ. ಆದರೆ ಅಷ್ಟೂ ಹಡಗುಗಳು ಅದಿರು ತುಂಬುವ ಮೊದಲು ನಮ್ಮ ಸಮುದ್ರಕ್ಕೆ ಸುರಿದ ನೀರು ಯಾವ ಬಂದರಿನದು, ಅದರಲ್ಲಿ ಏನಿತ್ತು ಎಂಬ ಪ್ರಶ್ನೆಯನ್ನು ಸದನದಲ್ಲಾಗಲಿ ಬೀದಿಯಲ್ಲಾಗಲಿ ನಾವು ಎತ್ತಲಿಲ್ಲ. ಹೊಸ ಬಂದರುಗಳ ಚರ್ಚೆ ಕರಾವಳಿಯಲ್ಲಿ ಈಗಲೂ ಬಿಸಿಯಾಗಿದೆ. ಮನೆ ಕಳೆದುಕೊಳ್ಳುವವರ ಮಾತು, ಕಡಲಾಮೆಯ ಮಾತು, ರಸ್ತೆಯ ಮಾತು ಅಲ್ಲಿ ಕೇಳಿಸುತ್ತದೆ. ಬ್ಯಾಲಸ್ಟ್ ನೀರೂ ಆ ಮಾತಿನಲ್ಲಿ ಸೇರಲೇಬೇಕು.

ನೀರಿನ ತೊಟ್ಟಿಯೊಂದೇ ದಾರಿಯಲ್ಲ. ಹಡಗಿನ ಹೊರಮೈ ಅದಕ್ಕಿಂತ ಹಳೆಯ ದಾರಿ. ತಳಕ್ಕೆ ಅಂಟಿಕೊಂಡ ಬಿಳಿಯ ಗಟ್ಟಿ ಚಿಪ್ಪುಗಳನ್ನು ಮಲ್ಪೆಯಲ್ಲೋ ತದಡಿಯಲ್ಲೋ ದೋಣಿ ಕೆರೆಯುವವರು ದಿನಾ ನೋಡುತ್ತಾರೆ. ಕಾಲಿಗೆ ತಾಗಿದರೆ ಬ್ಲೇಡಿನಂತೆ ಕೊಯ್ಯುವ ಈ ಬಾರ್ನಕಲ್ ಕೂಡ ಸಿಗಡಿ, ಏಡಿಗಳ ಕುಲದ್ದೇ.

> ತಲೆಕೆಳಗಾದ ಸಂಸಾರ
>
> ಬಾರ್ನಕಲ್‌ಗಳನ್ನು ಲಿನೇಯಸ್ ಕಾಲದಲ್ಲಿ ಚಿಪ್ಪುಜೀವಿಗಳ ಗುಂಪಿಗೆ ಸೇರಿಸಿದ್ದರು. ಅದರ ಮರಿಗಳು ಈಜಾಡುವುದನ್ನು ನೋಡಿ, ಇದು ಏಡಿಗಳ ಬಳಗವೆಂದು 1830ರಲ್ಲಿ ತೋರಿಸಿಕೊಟ್ಟವರು ಜಾನ್ ವಾನ್ ಥಾಂಪ್ಸನ್. ಕೊನೆಯ ಹಂತದ ಮರಿ ಏನನ್ನೂ ತಿನ್ನುವುದಿಲ್ಲ. ಮೀಸೆಗಳ ಮೇಲೆ ನಡೆಯುತ್ತ ಜಾಗ ಪರೀಕ್ಷಿಸುತ್ತದೆ, ಒಪ್ಪಿದ ಕಡೆ ತಲೆಯನ್ನೇ ಅಂಟಿಸಿಕೊಂಡು ಸುತ್ತ ಗೋಡೆ ಕಟ್ಟುತ್ತದೆ. ಆಮೇಲೆ ಬದುಕಿಡೀ ಕಾಲುಗಳನ್ನು ಬೀಸಿ ಆಹಾರ ಬಾಚಿಕೊಳ್ಳುತ್ತದೆ. ಡಾರ್ವಿನ್ ಇವುಗಳ ಅಧ್ಯಯನಕ್ಕೆ 1846ರಿಂದ 1854ರವರೆಗೆ ಎಂಟು ವರ್ಷ ಕೊಟ್ಟರು. ಇಂದು ಜಗತ್ತಿನ ಬೆಚ್ಚಗಿನ ಬಂದರುಗಳಲ್ಲೆಲ್ಲ ಸಿಗುವ ಪಟ್ಟೆಪಟ್ಟೆಯ ಬಾರ್ನಕಲ್‌ಗೆ ಆಂಫಿಟ್ರೈಟ್ ಎಂದು ಹೆಸರಿಟ್ಟವರೂ ಅವರೇ.

ನಮ್ಮ ಅಡುಗೆಮನೆಯ ಅತಿಥಿ

ಸಮುದ್ರದ ವಲಸೆಜೀವಿ ಶಂಕರಘಟ್ಟಕ್ಕೂ ಬಂದಾಗಿದೆ. ಭದ್ರಾವತಿ, ಶಿವಮೊಗ್ಗದ ಮಾರುಕಟ್ಟೆಯಲ್ಲಿ ಐಸಿನ ಮೇಲೆ ಹರಡಿದ ಬಿಳಿ ಸಿಗಡಿ ಅನೇಕ ಸಲ ವನಾಮಿ. ಅದರ ತವರು ಮೆಕ್ಸಿಕೋದಿಂದ ಪೆರುವರೆಗಿನ ಶಾಂತ ಸಾಗರದ ತೀರ. ಇದು ಕದ್ದು ಬಂದದ್ದಲ್ಲ. ಸರ್ಕಾರವೇ 2009ರಲ್ಲಿ ಸಾಕಣೆಗೆ ಅನುಮತಿ ಕೊಟ್ಟಿತು, ತಾಯಿಸಿಗಡಿಗಳನ್ನು ಚೆನ್ನೈಯಲ್ಲಿ ಪ್ರತ್ಯೇಕವಾಗಿಟ್ಟು ರೋಗ ಪರೀಕ್ಷಿಸಿ ಒಳಗೆ ಬಿಡುವ ವ್ಯವಸ್ಥೆಯನ್ನೂ ಮಾಡಿತು. ಇಂದು ದೇಶದ ಸಾಕಿದ ಸಿಗಡಿಯಲ್ಲಿ ಬಹುಪಾಲು ಇದೇ.

ಅದಕ್ಕೆ ಮುಂಚೆ ಏನಾಗಿತ್ತೆಂದು ಕುಮಟಾ, ಅಂಕೋಲೆಯ ಗಜನಿ ಭೂಮಿಯವರನ್ನು ಕೇಳಬೇಕು. ಕಗ್ಗ ಭತ್ತ ಬೆಳೆಯುತ್ತಿದ್ದ ಉಪ್ಪುನೀರಿನ ಗದ್ದೆಗಳು 1990ರ ದಶಕದ ಆರಂಭದಲ್ಲಿ ಸಿಗಡಿ ಕೊಳಗಳಾದವು. ಸಾಲ ಮಾಡಿ ಒಡ್ಡು ಕಟ್ಟಿದರು. ಪೂರ್ವ ಏಷ್ಯಾದಲ್ಲಿ ಕೆಲವೇ ವರ್ಷ ಹಿಂದೆ ಕಾಣಿಸಿದ್ದ ಬಿಳಿಚುಕ್ಕೆ ರೋಗ 1994ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡ ಕೆಲವೇ ದಿನಗಳಲ್ಲಿ ಕೊಳದ ಹುಲಿಸಿಗಡಿ ಇಡಿಯಾಗಿ ಸಾಯುತ್ತಿತ್ತು. ಈ ವೈರಸ್ಸನ್ನು ಕಾಡು ಸಿಗಡಿ, ಏಡಿ, ಕೋಪಿಪಾಡ್‌ಗಳೂ ಹೊತ್ತು ತಿರುಗಬಲ್ಲವು. ಸಣ್ಣ ಜೀವಿಗಳ ಓಡಾಟವೆಂದರೆ ಅವುಗಳ ರೋಗಗಳ ಓಡಾಟವೂ ಹೌದು. ಹಲವೆಡೆ ಕೊಳಗಳು ಪಾಳು ಬಿದ್ದವು, ಉಪ್ಪೇರಿದ ಆ ನೆಲಕ್ಕೆ ಕಗ್ಗವೂ ಸುಲಭಕ್ಕೆ ಮರಳಲಿಲ್ಲ.

ಹೊರಗಿನದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಾವು ತಿನ್ನುವ ಕಾಟ್ಲಾ, ರೋಹು ಗಂಗೆಯ ಕಡೆಯಿಂದ ತಂದವು. ಜಿಲೇಬಿ ಮೀನೆಂದು ಕರೆಯುವ ಆಫ್ರಿಕದ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು, ಇಂದು ಕೆರೆ ಕೆರೆಯಲ್ಲೂ ಇದೆ. ಬಡವರ ತಟ್ಟೆಗೆ ಮೀನು ಬಂದದ್ದು ನಿಜ, ಕೆರೆಗಳ ಹಳೆಯ ಮೀನುಗಳಿಗೆ ಜಾಗ ಕಡಿಮೆಯಾದದ್ದೂ ನಿಜ. ತಂದವರು ಯಾರು, ಯಾವಾಗ, ಏಕೆ ಎಂಬ ದಾಖಲೆ ಇರುವುದರಿಂದ ಅದರ ಲಾಭ ನಷ್ಟ ತೂಗಬಹುದು. ಹಡಗಿನ ನೀರಿನಲ್ಲಿ ಬಂದದ್ದಕ್ಕೆ ಆ ದಾಖಲೆಯೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

> ನಮ್ಮ ಕಡಲಿನಿಂದ ಹೋದವು
>
> ಪ್ರಯಾಣ ಒಂದೇ ದಿಕ್ಕಿನದಲ್ಲ. ಮರ ಕೊರೆಯುವ ಸ್ಫೀರೋಮಾ ಎಂಬ ಅಕ್ಕಿಕಾಳಿನಷ್ಟು ಜೀವಿ ಹಿಂದೂ ಮಹಾಸಾಗರದ ಕಡೆಯದೆಂದು ತಜ್ಞರ ಊಹೆ. ಮರದ ಹಡಗುಗಳ ಕಾಲದಲ್ಲಿ ಅಟ್ಲಾಂಟಿಕ್ ದಾಟಿ, ಇಂದು ಫ್ಲಾರಿಡಾದ ಕಾಂಡ್ಲಾ ಗಿಡಗಳ ಬೇರು ಕೊರೆಯುತ್ತಿದೆ.
>
> 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1898ರ ಹೊತ್ತಿಗೆ ಅರಬ್ಬೀ ಸಮುದ್ರದ ಪಶ್ಚಿಮ ಭಾಗದ ಈಜುವ ಏಡಿಯೊಂದು ಈಜಿಪ್ಟಿನ ಮೆಡಿಟರೇನಿಯನ್ ತೀರದಲ್ಲಿತ್ತು. 2014ರ ನಂತರ ಟ್ಯುನೀಸಿಯದಲ್ಲಿ ಬಲೆ ಹರಿಯತೊಡಗಿದಾಗ ಅಲ್ಲಿನ ಮೀನುಗಾರರು ಅದಕ್ಕೆ ಉಗ್ರರ ಸಂಘಟನೆಯ ಹೆಸರಾದ ‘ದಾಯಿಶ್’ ಎಂದೇ ಹೆಸರಿಟ್ಟರು. ಈಗ ಅದನ್ನೇ ಹಿಡಿದು ರಫ್ತು ಮಾಡುತ್ತಾರೆ.
>
> ನಮ್ಮ ಹುಲಿಸಿಗಡಿ 1988ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಸಾಕಣೆ ಕೇಂದ್ರದಿಂದ ಸಮುದ್ರಕ್ಕೆ ತಪ್ಪಿಸಿಕೊಂಡಿತ್ತು. ಮೆಕ್ಸಿಕೋ ಕೊಲ್ಲಿಯ ಬಲೆಗಳಲ್ಲೂ ಈಗ ಹುಲಿಸಿಗಡಿ ಸಿಗುತ್ತದೆ.

ಕಾನೂನು ಬಂತು, ಪಟ್ಟಿ ಬರಲಿಲ್ಲ

ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ಬ್ಯಾಲಸ್ಟ್ ನೀರಿನ ಒಪ್ಪಂದವನ್ನು 2004ರಲ್ಲಿ ರೂಪಿಸಿತು. ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 8ರಂದು. ಮೊದಲ ಹೆಜ್ಜೆಯಾಗಿ, ತೀರದಿಂದ 200 ನಾಟಿಕಲ್ ಮೈಲಿ ದೂರದ ಆಳದ ಕಡಲಿನಲ್ಲಿ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಬೇಕಿತ್ತು. ತೀರದ ಜೀವಿ ನಡುಗಡಲಿನಲ್ಲಿ, ನಡುಗಡಲಿನ ಜೀವಿ ತೀರದಲ್ಲಿ ಸುಲಭಕ್ಕೆ ಬದುಕದು ಎಂಬುದು ಅದರ ಹಿಂದಿನ ತರ್ಕ. 2024ರ ಸೆಪ್ಟೆಂಬರ್‌ನಿಂದ ನಿಯಮ ಬಿಗಿಯಾಗಿದೆ. ಒಪ್ಪಂದದಡಿ ಬರುವ ಹಡಗುಗಳು ನೀರನ್ನು ಸೋಸಿ, ಅತಿನೇರಳೆ ಬೆಳಕಿನಿಂದಲೋ ಕ್ಲೋರಿನ್‌ನಿಂದಲೋ ಶುದ್ಧಮಾಡಿಯೇ ಬಿಡಬೇಕು. ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ದೊಡ್ಡದಾದ ಬದುಕಿರುವ ಜೀವಿಗಳು ಒಂದು ಘನ ಮೀಟರ್ ನೀರಿನಲ್ಲಿ ಹತ್ತಕ್ಕಿಂತ ಕಡಿಮೆ ಇರಬೇಕು.

ಕುದುರೆಮುಖದ ಕೊಳವೆಯಲ್ಲಿ ಅದಿರು ಹರಿದ ಅಷ್ಟೂ ವರ್ಷ ಈ ನಿಯಮ ಜಾರಿಯಲ್ಲಿರಲಿಲ್ಲ. ಬೇಲೆಕೇರಿಯ ವರ್ಷಗಳಲ್ಲೂ ಇರಲಿಲ್ಲ. ಬಾಗಿಲಿಗೆ ಚಿಲಕ ಬಿದ್ದದ್ದು ಆಮೇಲೆ.

ಭಾರತ ಸುಮ್ಮನೆ ಕೂತಿರಲಿಲ್ಲ. ಈ ಶತಮಾನದ ಆರಂಭದಲ್ಲೇ ವಿಶ್ವಸಂಸ್ಥೆಯ ಯೋಜನೆಯೊಂದು ಆರು ದೇಶಗಳ ಆರು ಬಂದರುಗಳನ್ನು ಮಾದರಿಗೆ ಆರಿಸಿದಾಗ ಅದರಲ್ಲಿ ಮುಂಬೈ ಒಂದಾಗಿತ್ತು. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬಂದರುಗಳ ಜೀವಿಗಳ ಸಮೀಕ್ಷೆಗೆ ವರ್ಷಗಟ್ಟಲೆ ದುಡಿದಿದ್ದಾರೆ. ಆದರೆ ಹೊರಗಿನದು ಯಾವುದೆಂದು ಹೇಳಲು ಒಳಗಿನದು ಯಾವುದೆಂದು ಮೊದಲು ಗೊತ್ತಿರಬೇಕು. ಮರದ ಹಡಗುಗಳು ಶತಮಾನಗಳಿಂದ ಹೊನ್ನಾವರ, ಬಸರೂರು, ಮಂಗಳೂರಿಗೆ ಬಂದು ಹೋಗಿವೆ, ಅವುಗಳ ತಳದಲ್ಲಿ ಬಂದವು ಇಲ್ಲಿನವೇ ಆಗಿಬಿಟ್ಟಿವೆ. ಊರು ಯಾವುದೆಂದು ಹೇಳಲಾಗದ ಇಂಥ ಜೀವಿಗಳಿಗೆಂದೇ ಕಾರ್ಲ್ಟನ್ 1996ರಲ್ಲಿ ಬೇರೆಯದೇ ಒಂದು ವರ್ಗ ಮಾಡಬೇಕಾಯಿತು.

ಹಾಗಾದರೆ ಮಾಡಬೇಕಾದದ್ದೇನು? ಅಳಿವೆ ಅಳಿವೆಗೂ ಪಟ್ಟಿ. ಕೋಪಿಪಾಡಿನ ಐದನೇ ಜೊತೆ ಕಾಲಿನ ಮುಳ್ಳುಗಳನ್ನು ಎಣಿಸಿ ಜಾತಿ ಹೇಳಬಲ್ಲವರು ಬೇಕು. ಆ ವಿದ್ಯೆಗೆ ಕೆಲಸ ಸಿಗುವುದಿಲ್ಲವೆಂದು ಮಕ್ಕಳು ಅದನ್ನು ಬಿಡುತ್ತಿದ್ದಾರೆ, ಹಳಬರು ನಿವೃತ್ತರಾಗುತ್ತಿದ್ದಾರೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ಕಾರವಾರದಲ್ಲಿ ಕಡಲಜೀವಶಾಸ್ತ್ರದ ಸ್ನಾತಕೋತ್ತರ ಕೇಂದ್ರವಿದೆ. ಕೆಲಸವನ್ನು ಅವೆರಡಕ್ಕೇ ಬಿಡಬೇಕಿಲ್ಲ. 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ ನಿಂತಿರುವುದು ಭದ್ರೆಯ ದಂಡೆಯಲ್ಲಿ, ಅದರ ಜಿಲ್ಲೆಯಲ್ಲೇ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ವಿದ್ಯುತ್ ಕೇಂದ್ರಗಳಿಂದ ಬಿಡುವ ನೀರು ಆ ಅಳಿವೆಯ ಉಪ್ಪನ್ನೇ ಬದಲಿಸಿತು, ಚಿಪ್ಪುಜೀವಿಗಳನ್ನು ಕುಗ್ಗಿಸಿತು. ಹೀಗೆ ಏರುಪೇರಾದ ನೀರಿನಲ್ಲೇ ಹೊಸಬರು ಸುಲಭವಾಗಿ ಬೇರೂರುತ್ತಾರೆ. ಶಿವಮೊಗ್ಗದ ಹುಡುಗರಿಗೆ ಅಲ್ಲಿ ಕೆಲಸವಿದೆ.

ಖರ್ಚೂ ದೊಡ್ಡದಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಹಲಗೆಗಳನ್ನು ಜೆಟ್ಟಿಯಿಂದ ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ತಿಂಗಳಿಗೊಮ್ಮೆ ಎತ್ತಿ ಏನೇನು ಅಂಟಿದೆಯೆಂದು ಬರೆದಿಡುವುದು. ಜಗತ್ತಿನ ಬಂದರುಗಳಲ್ಲಿ ಬಳಸುವ ಕ್ರಮವೇ ಇದು. ಇನ್ನೊಂದು ಕೆಲಸಕ್ಕಂತೂ ಹಲಗೆಯೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನಗಳಲ್ಲಿ ತದಡಿ, ಗಂಗೊಳ್ಳಿ, ಮಲ್ಪೆಯಲ್ಲಿ ದೋಣಿಗಳು ಸಾಲಾಗಿ ದಡದ ಮೇಲಿರುತ್ತವೆ, ತಳ ಕೆರೆದು ಬಣ್ಣ ಬಳಿಯುವ ಕೆಲಸ ನಡೆಯುತ್ತಿರುತ್ತದೆ. ಕೆರೆದು ಬಿದ್ದ ಚಿಪ್ಪಿನ ರಾಶಿಯಿಂದ ಒಂದೊಂದು ಬಾಟಲಿ ಮಾದರಿ, ಜೊತೆಗೆ ಆ ದೋಣಿ ಯಾವ ಯಾವ ಬಂದರು ಮುಟ್ಟಿತ್ತೆಂಬ ಟಿಪ್ಪಣಿ. ಕೆರೆಯುವವರನ್ನು ಕೇಳಿದರೆ, ಈ ಸಲ ಹೊಸದಾಗಿ ಏನು ಅಂಟಿತ್ತೆಂದು ಅವರೇ ಮೊದಲು ಹೇಳಿಯಾರು. ಆಗಸ್ಟ್ 1ರಂದು ದೋಣಿಗಳು ನೀರಿಗಿಳಿಯುವುದರೊಳಗೆ ಅದು ಆಗಬೇಕು.